ಪ್ರೊಪೆಲ್ಲರ್ ಬಿಚ್ಚಿಟ್ಟು ಟ್ರಾನ್ಸ್‌ಮಿಟರ್ ಹೊಂದಿಸುವ ಕ್ರಮ

ರೇಡಿಯೊದಿಂದ ಹಾರಿಸುವ ಹೊಸ ಮಾಡೆಲ್ ವಿಮಾನಕ್ಕೆ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ನಿಯಂತ್ರಕ) ಹೊಂದಿಸಲು ಕೂತಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಸ್ಪ್ಯಾನರ್. ಪ್ರೊಪೆಲ್ಲರ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆಯೇ ಬ್ಯಾಟರಿ ಜೋಡಿಸುತ್ತೇನೆ. ಚಾನೆಲ್‌ನ (ಒಂದೊಂದು ನಿಯಂತ್ರಣಕ್ಕೆ ಮೀಸಲಾದ ಸಿಗ್ನಲ್) ದಿಕ್ಕು ಬದಲಿಸುವಾಗ, ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿಗೆ ಥ್ರಾಟಲ್ (ವೇಗದ ಸ್ಟಿಕ್) ಅಳತೆ ಕಲಿಸುವಾಗ ಮೋಟರ್ ಇದ್ದಕ್ಕಿದ್ದಂತೆ ಪೂರ್ತಿ ವೇಗದಲ್ಲಿ ತಿರುಗಬಹುದು. ಬರೀ ಶಾಫ್ಟ್ ತಿರುಗಿದರೆ ಸದ್ದಷ್ಟೇ. ಹತ್ತು ಇಂಚಿನ ಪ್ರೊಪೆಲ್ಲರ್ ಇದ್ದರೆ ಬೆರಳಿಗೇ ಕುತ್ತು.

ಪ್ರತಿ ವಿಮಾನಕ್ಕೂ ಟ್ರಾನ್ಸ್‌ಮಿಟರ್‌ನಲ್ಲಿ ಹೊಸ ಮಾಡೆಲ್ ಮೆಮೊರಿ (ಆ ವಿಮಾನದ ಹೊಂದಿಕೆಗಳನ್ನು ಉಳಿಸುವ ಜಾಗ) ತೆರೆದು ಹೆಸರು ಕೊಡುತ್ತೇನೆ. ಹಳೆಯದನ್ನು ನಕಲು ಮಾಡಿದರೆ ಅದರ ಟ್ರಿಮ್ (ಮಧ್ಯಸ್ಥಾನದ ಸಣ್ಣ ತಿದ್ದುಪಡಿ), ಮಿಕ್ಸಿಂಗ್ (ಒಂದು ಸ್ಟಿಕ್ಕಿಗೆ ಎರಡು ನಿಯಂತ್ರಣ ಸೇರಿಸುವುದು) ಎಲ್ಲ ಜೊತೆಗೇ ಬಂದುಬಿಡುತ್ತವೆ. ಥ್ರಾಟಲ್ ಸ್ಟಿಕ್ ಪೂರ್ತಿ ಕೆಳಗಿಟ್ಟು ವಿಮಾನದೊಳಗಿನ ರಿಸೀವರನ್ನು ಬೈಂಡ್ ಮಾಡುತ್ತೇನೆ, ಅಂದರೆ ಟ್ರಾನ್ಸ್‌ಮಿಟರ್‌ಗೆ ಜೋಡಿಸುತ್ತೇನೆ. ಕೆಲವು ರಿಸೀವರ್‌ಗಳು ಬೈಂಡ್ ಆದಾಗಿನ ಸ್ಟಿಕ್ ಸ್ಥಾನವನ್ನೇ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಪಾಲಿಸುವ ಆಜ್ಞೆ) ಆಗಿ ನೆನಪಿಟ್ಟುಕೊಳ್ಳುತ್ತವೆ. ಆಮೇಲೆ ಥ್ರಾಟಲ್ ದಿಕ್ಕು ತಿರುಗಿಸಿದಿರೋ, ಆಗ ಉಳಿದ ‘ಕೆಳಗೆ’ ಈಗ ‘ಪೂರ್ತಿ’ ಆಗಿರುತ್ತದೆ. ಅದಕ್ಕೇ ದಿಕ್ಕುಗಳೆಲ್ಲ ಸರಿಯಾದ ಮೇಲೆ ಇನ್ನೊಮ್ಮೆ ಬೈಂಡ್ ಮಾಡುವುದು ನನ್ನ ರೂಢಿ.

ರೆಕ್ಕೆ, ಬಾಲದ ಆಡುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟರ್, ಅಂದರೆ ಸರ್ವೊ ಕೆಲಸದಲ್ಲಿ ಅವಸರ ಬೇಡ. ಟ್ರಿಮ್, ಸಬ್‌ಟ್ರಿಮ್ (ಸರ್ವೊದ ಮಧ್ಯಸ್ಥಾನ ಸರಿಸುವ ಹೊಂದಿಕೆ) ಎರಡೂ ಸೊನ್ನೆಯಲ್ಲಿಟ್ಟು ಸರ್ವೊವನ್ನು ಮಧ್ಯಕ್ಕೆ, ಅಂದರೆ ಸಾಮಾನ್ಯವಾಗಿ 1500 ಮೈಕ್ರೊಸೆಕೆಂಡಿನ ಸಿಗ್ನಲ್ ಮಿಡಿತಕ್ಕೆ ತಂದು, ಸರ್ವೊದ ಆರ್ಮ್ (ತಿರುಗುವ ಕೈ) ಪುಶ್‌ರಾಡಿಗೆ (ಚಲನೆ ಒಯ್ಯುವ ಕಡ್ಡಿ) 90 ಡಿಗ್ರಿ ಬರುವಂತೆ ಕೂರಿಸಬೇಕು. ಸರ್ವೊ ಶಾಫ್ಟಿನ ಹಲ್ಲುಗಳು ಸರಿಯಾಗಿ ಕೂರದಿದ್ದರೆ ನಾಲ್ಕು ಕೈಯ ಆರ್ಮ್ ಹಾಕಿ ಒಂದೊಂದೇ ಕೈಯನ್ನು ಪರೀಕ್ಷಿಸಿ, ಯಾವುದಾದರೊಂದು ಹತ್ತಿರ ಬರುತ್ತದೆ. ಮಿಕ್ಕ ವ್ಯತ್ಯಾಸವನ್ನು ಪುಶ್‌ರಾಡಿನ ತುದಿಯ ಕೊಂಡಿ, ಅಂದರೆ ಕ್ಲೆವಿಸ್ ತಿರುಗಿಸಿ ಸರಿಮಾಡುತ್ತೇನೆ. ಎಲ್ಲವನ್ನೂ ಸಬ್‌ಟ್ರಿಮ್‌ನಲ್ಲೇ ಸರಿಪಡಿಸಹೊರಟರೆ ಎರಡು ಕಡೆಯ ಚಲನೆ ಸಮ ಬರುವುದಿಲ್ಲ.

ಬಳಿಕ ಸ್ಟಿಕ್ಕನ್ನು ತುದಿಯವರೆಗೆ ಒತ್ತಿ ಹಿಡಿದು ಸರ್ವೊಗೆ ಕಿವಿ ಕೊಡಿ. ‘ಗುಂಯ್’ ಎನ್ನುವ ಸದ್ದು ನಿಲ್ಲದಿದ್ದರೆ ಅದು ಎಲ್ಲೋ ತಡೆದು ನಿಂತು ಸುಮ್ಮನೆ ಕರೆಂಟ್ ಎಳೆಯುತ್ತಿದೆ. ಎರಡು ಮೂರು ಸರ್ವೊಗಳು ಒಟ್ಟಿಗೆ ಹೀಗೆ ಮಾಡಿದರೆ ಬಿಇಸಿಯ (ರಿಸೀವರ್, ಸರ್ವೊಗಳಿಗೆ ವಿದ್ಯುತ್ ಕೊಡುವ ಭಾಗ) ವೋಲ್ಟೇಜ್ ಕುಸಿದು ರಿಸೀವರ್ ಆಕಾಶದಲ್ಲೇ ರೀಸ್ಟಾರ್ಟ್ ಆಗಬಹುದು. ಚಲನೆ ವಿಪರೀತ ಹೆಚ್ಚಿದ್ದರೆ ಎಂಡ್‌ಪಾಯಿಂಟನ್ನು (ಸರ್ವೊ ತಿರುಗುವ ಮಿತಿ) ಅರ್ಧಕ್ಕಿಳಿಸುವ ಬದಲು ಪುಶ್‌ರಾಡನ್ನು ಸರ್ವೊ ಆರ್ಮಿನ ಒಳತೂತಿಗೆ ಹಾಕಿ. ಸರ್ವೊ ಪೂರ್ತಿ ತಿರುಗುತ್ತದೆ, ಬಲವೂ ಹೆಚ್ಚು ಸಿಗುತ್ತದೆ.

ದಿಕ್ಕು ನೋಡುವುದು ವಿಮಾನದ ಹಿಂದೆ, ಅದರ ಮೂತಿಯ ಕಡೆಗೇ ಮುಖಮಾಡಿ ನಿಂತು. ಸ್ಟಿಕ್ ಬಲಕ್ಕೆ ಹೋದರೆ ಬಲಗಡೆಯ ಏಲರಾನ್ (ರೆಕ್ಕೆಯ ಹಿಂದಂಚಿನ ಆಡುವ ಭಾಗ) ಮೇಲೇಳಬೇಕು, ಎಡಗಡೆಯದು ಇಳಿಯಬೇಕು. ಎಲಿವೇಟರ್ ಸ್ಟಿಕ್ಕನ್ನು ನಮ್ಮತ್ತ ಎಳೆದರೆ ಎಲಿವೇಟರ್ (ಬಾಲದ ಅಡ್ಡ ಭಾಗ) ಮೇಲಕ್ಕೆ. ರಡ್ಡರ್ (ಬಾಲದ ನೆಟ್ಟಗಿನ ಭಾಗ) ಬಲಕ್ಕೆಂದರೆ ಅದರ ಹಿಂದಿನ ಅಂಚು ಬಲಕ್ಕೆ. ಏಲರಾನ್ ಉಲ್ಟಾ ಇದ್ದರೆ ನೆಲ ಬಿಟ್ಟ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ. ವಾಲಿದ್ದನ್ನು ಸರಿಮಾಡಹೋದಷ್ಟೂ ಅದು ಇನ್ನಷ್ಟು ವಾಲುತ್ತದೆ.

ಮೊದಲ ಹಾರಾಟಕ್ಕೆ ಲೋ ರೇಟ್ (ಚಲನೆ ಕಡಿಮೆ ಮಾಡುವ ಹೊಂದಿಕೆ) 70%, ಎಕ್ಸ್‌ಪೊ (ಸ್ಟಿಕ್ಕಿನ ಮಧ್ಯದ ಸೂಕ್ಷ್ಮತೆ ಬದಲಿಸುವುದು) 25 ರಿಂದ 30%. ಎಕ್ಸ್‌ಪೊ ಚಿಹ್ನೆ ಮಾತ್ರ ಗಮನಿಸಿ: ಸ್ಟಿಕ್ಕಿನ ಮಧ್ಯಭಾಗ ಮೃದುವಾಗಲು ಫುಟಾಬಾ ಕಂಪನಿಯ ಟ್ರಾನ್ಸ್‌ಮಿಟರ್‌ನಲ್ಲಿ ಮೈನಸ್, ಸ್ಪೆಕ್ಟ್ರಮ್ ಕಂಪನಿಯದರಲ್ಲಿ ಪ್ಲಸ್.

ಮೋಟರನ್ನು ಒಮ್ಮೆಲೇ ನಿಲ್ಲಿಸುವ ಥ್ರಾಟಲ್ ಕಟ್ ನನ್ನ ಎಲ್ಲ ಮಾಡೆಲ್‌ಗಳಲ್ಲೂ ಒಂದೇ ಸ್ವಿಚ್‌ನಲ್ಲಿದೆ. ಗಾಬರಿಯಲ್ಲಿ ಬೆರಳು ಹುಡುಕುವಂತಾಗಬಾರದು.

ಇಷ್ಟಾದ ಮೇಲೆ ಫೇಲ್‌ಸೇಫ್ ಪರೀಕ್ಷೆ. ಇದನ್ನು ಮಾಡದೆ ಯಾವ ವಿಮಾನವನ್ನೂ ನಾನು ಹಾರಿಸುವುದಿಲ್ಲ. ಪ್ರೊಪೆಲ್ಲರ್ ಇಲ್ಲದೆಯೇ ಮೋಟರನ್ನು ಕಾಲುಭಾಗ ಥ್ರಾಟಲ್‌ನಲ್ಲಿ ತಿರುಗಿಸಿ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಸ್ವಲ್ಪ ಹೊತ್ತಲ್ಲೇ ಮೋಟರ್ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ರಿಸೀವರ್ ‘ಹೋಲ್ಡ್’ನಲ್ಲಿದೆ, ಇಲ್ಲವೇ ಫೇಲ್‌ಸೇಫ್ ತಪ್ಪು ಸ್ಥಾನದಲ್ಲಿ ಉಳಿದಿದೆ. ಹೋಲ್ಡ್‌ನಲ್ಲಿ ಸಿಗ್ನಲ್ ಹೋದಾಗಿನ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ವಿಮಾನ ಕಣ್ಮರೆಯಾಗುವವರೆಗೂ ಹೋಗುತ್ತದೆ. ಟ್ರಾನ್ಸ್‌ಮಿಟರ್ ಮತ್ತೆ ಆನ್ ಮಾಡುವ ಮೊದಲು ಸ್ಟಿಕ್ ಕೆಳಗಿಳಿಸಲು ಮರೆಯಬೇಡಿ.

ರಿಸೀವರ್‌ನ ಎರಡು ಆಂಟೆನಾಗಳು ಒಂದಕ್ಕೊಂದು 90 ಡಿಗ್ರಿಯಲ್ಲಿರಲಿ. ಕೋಆಕ್ಸಿಯಲ್ ಆಂಟೆನಾದಲ್ಲಿ ಕೆಲಸ ಮಾಡುವುದು ತುದಿಯ ಸುಮಾರು 31 ಮಿಲಿಮೀಟರ್ ಬರಿ ತಂತಿ, 2.4 ಗಿಗಾಹರ್ಟ್ಸ್ ಅಲೆಯ ಕಾಲುಭಾಗ. ಅದು ಬ್ಯಾಟರಿಗೂ ಕಾರ್ಬನ್ ಫೈಬರಿಗೂ ತಾಗದಿರಲಿ. ಮೈದಾನದಲ್ಲಿ ರೇಂಜ್ ಚೆಕ್ ಮೋಡ್ (ಸಿಗ್ನಲ್ ಬಲ ತಗ್ಗಿಸಿ ಪರೀಕ್ಷಿಸುವ ವಿಧಾನ) ಹಾಕಿ 30 ಹೆಜ್ಜೆ ದೂರ ಹೋಗಿ, ಜೊತೆಗಾರರು ವಿಮಾನವನ್ನು ಹಿಡಿದು ಎಲ್ಲ ದಿಕ್ಕಿಗೂ ತಿರುಗಿಸುವಾಗ ಸ್ಟಿಕ್ ಆಡಿಸಿ ನೋಡಿ. ಒಮ್ಮೆ ಮೋಟರ್ ನಿಲ್ಲಿಸಿ, ಇನ್ನೊಮ್ಮೆ ವಿಮಾನವನ್ನು ಭದ್ರವಾಗಿ ಹಿಡಿದು ಮೋಟರ್ ಓಡಿಸಿ. ಟ್ರಾನ್ಸ್‌ಮಿಟರ್‌ನ ಕಡ್ಡಿ ಆಂಟೆನಾದ ತುದಿ ವಿಮಾನದತ್ತ ಚಾಚಿರಬಾರದು, ಆ ದಿಕ್ಕಿನಲ್ಲೇ ಸಿಗ್ನಲ್ ಅತಿ ದುರ್ಬಲ.

ಆನ್ ಮಾಡುವಾಗ ಟ್ರಾನ್ಸ್‌ಮಿಟರ್ ಮೊದಲು, ಆಫ್ ಮಾಡುವಾಗ ಕೊನೆಗೆ. ಟೈಮರನ್ನು ಮೊದಲಿಗೆ 4 ನಿಮಿಷಕ್ಕಿಟ್ಟು, ಇಳಿಸಿದ ಮೇಲೆ ಚಾರ್ಜರ್ ಎಷ್ಟು ತುಂಬಿತೆಂದು ನೋಡುತ್ತೇನೆ. 2200 ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಬ್ಯಾಟರಿಗೆ 1000 ತುಂಬಿದರೆ ನಿಮಿಷಕ್ಕೆ 250 ಖರ್ಚು. 1500 ದಾಟದಂತೆ ಟೈಮರ್ 6 ನಿಮಿಷ.