ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೀರಾ? ಐಇಎಸ್‌ಗೆ ಹೀಗೆ ತಯಾರಾಗಿ

ಐಇಎಸ್ ಎಂದರೆ ನಮ್ಮ ಕಡೆ ಜಾಸ್ತಿ ಜನ ಇಂಜಿನಿಯರಿಂಗ್ ಸೇವೆ ಅಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು 1961ರಲ್ಲಿ ಶುರುವಾದ ಭಾರತೀಯ ಆರ್ಥಿಕ ಸೇವೆಯ ವಿಷಯ. ನನ್ನ ನೌಕರಿಯೆಲ್ಲ ಅದರಲ್ಲೇ ಕಳೆಯಿತು. ನಮ್ಮ ಊರುಗಳ ಮಕ್ಕಳು ಅಲ್ಲಿ ಇನ್ನೂ ಹೆಚ್ಚು ಕಾಣಬೇಕು ಎಂಬುದು ನನ್ನ ಆಸೆ.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಅನ್ವಯಿಕ ಅರ್ಥಶಾಸ್ತ್ರ, ಬಿಸಿನೆಸ್ ಎಕನಾಮಿಕ್ಸ್, ಎಕನಾಮೆಟ್ರಿಕ್ಸ್ ಆದರೂ ನಡೆಯುತ್ತದೆ. ವಯಸ್ಸು 21ರಿಂದ 30; ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಪರೀಕ್ಷೆ ಯುಪಿಎಸ್‌ಸಿಯದು. ಪ್ರಿಲಿಮ್ಸ್ ಇಲ್ಲ. ಆರು ಪತ್ರಿಕೆ, 1000 ಅಂಕ; ಸಂದರ್ಶನಕ್ಕೆ 200. ಸೀಟು ಕಡಿಮೆ, ಕೆಲವು ವರ್ಷ ಇಪ್ಪತ್ತೂ ಇರುವುದಿಲ್ಲ.

ಎಲ್ಲ ಉತ್ತರವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡ ಮಾಧ್ಯಮದವರು ಇದಕ್ಕೇ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ವಿಷಯವನ್ನು ಕನ್ನಡದಲ್ಲೇ ಯೋಚಿಸಿ, ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ಆಮೇಲೆ ದಿನಾ ಒಂದು ಪುಟ ಇಂಗ್ಲಿಷಿನಲ್ಲಿ ಬರೆಯಿರಿ. ಸಣ್ಣ ವಾಕ್ಯ ಸಾಕು. ಗಣಿತ, ಅಂಕಿಅಂಶದ ಭಾಗವನ್ನು ಮಾತ್ರ ಕೊನೆಗೆ ತಳ್ಳಬೇಡಿ. ಅಲ್ಲಿ ಲೆಕ್ಕ ಸರಿ ಬಂದರೆ ಅಂಕ ಪೂರ್ತಿ ಸಿಗುತ್ತದೆ, ಭಾಷೆ ಅಡ್ಡ ಬರುವುದಿಲ್ಲ.

ಸುಮ್ನೆ ಥಿಯರಿ ಉರು ಹೊಡೆದರೆ ಪರೀಕ್ಷೆಗೂ ಸಾಲದು, ಕೆಲಸಕ್ಕೂ ಸಾಲದು. ಸಚಿವಾಲಯದಲ್ಲಿ ಅರ್ಥಶಾಸ್ತ್ರಜ್ಞರಿಂದ ಬಯಸುವುದು ಇಷ್ಟೇ: ಈ ತೀರ್ಮಾನದಿಂದ ಯಾರಿಗೆ ಏನಾಗುತ್ತದೆ, ಒಂದು ಪುಟದಲ್ಲಿ ಹೇಳಿ. ಅದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ತೊಗರಿಯನ್ನೇ ತೆಗೆದುಕೊಳ್ಳಿ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿನ ಮೇಲಿನ ನಿರ್ಬಂಧ ತೆಗೆಯಿತು. ಇದರ ಮೇಲೆ ಒಂದು ಟಿಪ್ಪಣಿ ಬರೆಯಿರಿ. ಮೊದಲ ಸಾಲಿನಲ್ಲಿ ಪ್ರಶ್ನೆ: ಆಮದು ಮುಂದುವರಿಸಬೇಕೇ? ಆಮೇಲೆ ಕಲಬುರಗಿ ಎಪಿಎಂಸಿಗೆ ಹೊಸ ಮಾಲು ಯಾವ ತಿಂಗಳು ಬರುತ್ತದೆ, ಮ್ಯಾನ್ಮಾರ್, ಮೊಜಾಂಬಿಕ್‌ನ ಮಾಲು ಯಾವಾಗ ಇಳಿಯುತ್ತದೆ ನೋಡಿ. ಎರಡೂ ಒಟ್ಟಿಗೆ ಬಂದರೆ ರೈತನ ದರ ಬೆಂಬಲ ಬೆಲೆಗಿಂತ ಕೆಳಗಿಳಿಯಬಹುದು. ಆಮದು ನಿಂತರೆ ಬೆಂಗಳೂರಿನ ಅಂಗಡಿಯಲ್ಲಿ ಬೇಳೆ ದರ ಏರಬಹುದು. ಬೇಡಿಕೆಯ ಸ್ಥಿತಿಸ್ಥಾಪಕತ್ವ ಕೆಲಸಕ್ಕೆ ಬರುವುದು ಇಲ್ಲೇ. ದರ ಏರಿದರೆ ಜನ ಬೇಳೆ ಎಷ್ಟು ಕಡಿಮೆ ಮಾಡುತ್ತಾರೆ? ಬಡವರ ಮನೆಯಲ್ಲಿ ಎಷ್ಟು? ಕೊನೆಗೆ ಎರಡು ದಾರಿ ಕೊಡಿ, ಒಂದನ್ನು ಆರಿಸಿ, ಕಾರಣ ಹೇಳಿ. "ಇನ್ನಷ್ಟು ಅಧ್ಯಯನ ಬೇಕು" ಎಂದು ಮುಗಿಸಬೇಡಿ.

ಓದಲು ಕೇಂದ್ರ ಸರ್ಕಾರ ವರ್ಷಕ್ಕೊಮ್ಮೆ ಹೊರತರುವ ಆರ್ಥಿಕ ಸಮೀಕ್ಷೆಗಿಂತ ಒಳ್ಳೆಯದು ಸಿಗುವುದಿಲ್ಲ. ಅದನ್ನು ತಯಾರು ಮಾಡುವ ವಿಭಾಗದಲ್ಲಿ ಐಇಎಸ್ ಅಧಿಕಾರಿಗಳೇ ಇರುತ್ತಾರೆ. ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ವಾದವನ್ನು ನಿಮ್ಮ ಮಾತಲ್ಲಿ ಬರೆಯಿರಿ.

ಆಯ್ಕೆಯಾದವರಿಗೆ ತರಬೇತಿ ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್‌ನಲ್ಲಿ. ಅದನ್ನು ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ, ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ಶುರು ಮಾಡಿದವರು. ಸೇರುವುದು ಸಹಾಯಕ ನಿರ್ದೇಶಕರಾಗಿ, ಮೂಲ ವೇತನ 56,100 ರೂಪಾಯಿ. ಮುಂದೆ ಆರ್ಥಿಕ ಸಲಹೆಗಾರ ಹುದ್ದೆ, ಅಂದರೆ ಜಂಟಿ ಕಾರ್ಯದರ್ಶಿ ಮಟ್ಟ. ಅದರ ಮೇಲೂ ಮೆಟ್ಟಿಲಿದೆ.

ವಯಸ್ಸು ಮೀರಿದವರಿಗೆ ಇನ್ನೊಂದು ಬಾಗಿಲಿದೆ, ಆದರೆ ತುಂಬಾ ಕಿರಿದು. ಮನಮೋಹನ್ ಸಿಂಗ್ 1971ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪಾಠ ಬಿಟ್ಟು ಸರ್ಕಾರಕ್ಕೆ ಸಲಹೆಗಾರರಾಗಿ ಬಂದರು. ಮರುವರ್ಷ ಮುಖ್ಯ ಆರ್ಥಿಕ ಸಲಹೆಗಾರ, 1976ರಲ್ಲಿ ಹಣಕಾಸು ಸಚಿವಾಲಯದಲ್ಲಿ ಕಾರ್ಯದರ್ಶಿ. ಹಾಗೆ ಬರಲು ಮೊದಲು ವಿದ್ವಾಂಸರಾಗಿ ಹೆಸರು ಮಾಡಿರಬೇಕು.

ಎಂ.ಎ. ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಹಳೆಯ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ವೆಬ್‌ಸೈಟಿನಲ್ಲಿವೆ. ಇವತ್ತೇ ಭಾರತೀಯ ಅರ್ಥಶಾಸ್ತ್ರದ ಪತ್ರಿಕೆ ತೆಗೆದು, ಗಡಿಯಾರ ಎದುರಿಗಿಟ್ಟುಕೊಂಡು ಮೂರು ಗಂಟೆ ಬರೆಯಿರಿ.