ಕಬ್ಬಿಣದ ಮೈ, ಉಕ್ಕಿನ ಬಾಯಿ: ವೈಕಿಂಗ್ ಕಾಲದ ಬಡಗಿ ಕೊಡಲಿ ಬಡಿಯುವ ಬಗೆ

ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ 1936ರಲ್ಲಿ ಹೊಲ ಉಳುವಾಗ ಸುಮಾರು ಸಾವಿರ ವರ್ಷ ಹಿಂದಿನ ವೈಕಿಂಗ್ ಕಾಲದ ಓಕ್ ಮರದ ಪೆಟ್ಟಿಗೆಯೊಂದು ನೇಗಿಲಿಗೆ ಸಿಕ್ಕಿತು. ಮೆಸ್ಟರ್‌ಮಿರ್ ಪೆಟ್ಟಿಗೆ ಎಂದೇ ಅದಕ್ಕೆ ಹೆಸರು. ಒಳಗಿದ್ದ ಕಮ್ಮಾರ, ಬಡಗಿ ಸಾಮಾನುಗಳಲ್ಲಿ ಕೊಡಲಿಗಳೂ ಇದ್ದವು. ನಕಲಿಗೆ ಇಂಥ ಕೆಲಸದ ಕೊಡಲಿಯೇ ಮಾದರಿಯಾಗಲಿ. ಡೆನ್ಮಾರ್ಕಿನ ಮಾಮನ್ ಗೋರಿಯ ಬೆಳ್ಳಿ ಕುಸುರಿಯ ಕೊಡಲಿ ಚೆಂದವೇನೋ ಹೌದು, ಆದರೆ ಅದು ಹಲಗೆ ಕೆತ್ತುವವನದಲ್ಲ.

ಮೈಗೆ 50 ಮಿ.ಮೀ. ಅಗಲ, 10 ಮಿ.ಮೀ. ದಪ್ಪ, 260 ಮಿ.ಮೀ. ಉದ್ದದ ಮೆದು ಕಬ್ಬಿಣದ ಪಟ್ಟಿ ಬೇಕು. ಬಾಯಿಗೆ ಶೇ. 0.7–0.8 ಇಂಗಾಲದ ಉಕ್ಕಿನ ತುಂಡು: 50×40 ಮಿ.ಮೀ., ದಪ್ಪ 5. ಪಟ್ಟಿಯ ನಡುವಿನ 60 ಮಿ.ಮೀ. ಜಾಗವನ್ನು 6 ಮಿ.ಮೀ.ಗೆ ತೆಳುಮಾಡಿ, ಕಾವಿನ (ಕೊಡಲಿಯ ಮರದ ಹಿಡಿಯ) ಅಳತೆಯ ಗೂಟದ ಸುತ್ತ ಮಡಚಿ. ತೂತಿನ ಮುಂದಿನ ಭಾಗವನ್ನು ಮೊದಲು ಬೆಸೆಯಿರಿ. ತುದಿಯ 40 ಮಿ.ಮೀ. ತೆರೆದೇ ಇರಲಿ.

ಕೆಲಸ ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಉಕ್ಕಿನ ಎರಡೂ ಮುಖಕ್ಕೆ ಉಳಿಯಿಂದ ಮುಳ್ಳೆಬ್ಬಿಸಿ ಸೀಳಿನೊಳಗೆ ಕೂರಿಸಿ, ಇಲ್ಲವಾದರೆ ಮೊದಲ ಪೆಟ್ಟಿಗೇ ಜಾರುತ್ತದೆ. ಬಿಳಿಗಾರ (ಬೋರಾಕ್ಸ್) ಉದುರಿಸಿ ನಿಧಾನವಾಗಿ ಕಾಯಿಸಿ. ಕಬ್ಬಿಣಕ್ಕಿಂತ ಉಕ್ಕು ಕಡಿಮೆ ಶಾಖಕ್ಕೇ ಸುಡುವುದರಿಂದ, ಬೆಂಕಿಯ ಹೊಟ್ಟೆಯಲ್ಲಿ ಮೈ ಇರಲಿ, ಬಾಯಿ ಸ್ವಲ್ಪ ಮೇಲಿರಲಿ. ಮೇಲ್ಮೈ ಎಣ್ಣೆ ಸವರಿದಂತೆ ಹೊಳೆದಾಗ ಹೊರತೆಗೆಯಿರಿ. ಚಿಟಪಟ ಕಿಡಿ ಹಾರುತ್ತಿದ್ದರೆ ಉಕ್ಕು ಸುಟ್ಟಿತು, ಆ ತುಂಡನ್ನು ಎಸೆಯುವುದೇ ಸರಿ. ತೂತಿನ ಕಡೆಯಿಂದ ಬಾಯಿಯ ಕಡೆಗೆ ಹಗುರ ಪೆಟ್ಟು ಹಾಕುತ್ತಾ ಬಂದರೆ ಕರಗಿದ ಬಿಳಿಗಾರ ಹೊರಚಿಮ್ಮುತ್ತದೆ. ತುದಿಯಿಂದ ಶುರುಮಾಡಿದರೆ ಅದು ಒಳಗೇ ಸಿಕ್ಕಿಬಿದ್ದು, ಸಾಣೆ ಹಿಡಿದಾಗ ಕಪ್ಪು ಗೆರೆಯಾಗಿ ಕಾಣುತ್ತದೆ.

ಬೆಸುಗೆ ಗಟ್ಟಿಯಾದ ಮೇಲೆ ಬಾಯಿಯನ್ನು 100 ಮಿ.ಮೀ.ವರೆಗೆ ಹರಡಿ, ಕೆಳಮೂಲೆಯನ್ನು ಅಡಿಗಲ್ಲಿನ ಅಂಚಿನಲ್ಲಿ ಎಳೆದು ಗಡ್ಡದಂತೆ ಕೆಳಕ್ಕೆ ಚಾಚಿಸಿ. ಬಣ್ಣ ಕಿತ್ತಳೆಗಿಂತ ಇಳಿದರೆ ಸುತ್ತಿಗೆ ನಿಲ್ಲಿಸಿ. ತಣ್ಣಗಾದಾಗ ಬಡಿದರೆ ಬೆಸುಗೆ ಬಾಯಿಬಿಡುತ್ತದೆ.

ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಿಸಿ. ಬಾಯಂಚು 2 ಮಿ.ಮೀ. ದಪ್ಪ ಉಳಿಯುವಷ್ಟೇ ಅರ ಹಾಕಿ, ಅದಕ್ಕಿಂತ ತೆಳುವಾದರೆ ಹದ ಹಾಕುವಾಗ ಸೊಟ್ಟಗಾಗುತ್ತದೆ, ಸೀಳಲೂಬಹುದು. ಅಯಸ್ಕಾಂತ ಹಿಡಿಯದಷ್ಟು ಕಾದ ಮೇಲೆ ಇನ್ನೊಂದು ಚೂರು ಶಾಖ ಕೊಟ್ಟು, ಬಾಯಿಯ 25 ಮಿ.ಮೀ. ಮಾತ್ರ 50–60 ಡಿಗ್ರಿಯ ಎಣ್ಣೆಗೆ ಇಳಿಸಿ. ಅರ ಕಚ್ಚದೆ ಜಾರಿದರೆ ಹದ ಹತ್ತಿದೆ. ತಡಮಾಡದೆ 220 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಡಿ. ಹಾಗೇ ಬಿಟ್ಟರೆ ಗಂಟಿಗೆ ತಗುಲಿದ ಮೊದಲ ಏಟಿಗೇ ಬಾಯಿ ಚಕ್ಕೆ ಏಳುತ್ತದೆ.

ಸಾಣೆಯ ಕೋನ 25ರಿಂದ 30 ಡಿಗ್ರಿ. ಕಾವು ಆಶ್ ಮರದ್ದು, ಎಳೆ ತುದಿಯಿಂದ ತುದಿಗೆ ನೇರ ಹರಿದಿರಲಿ. ಮರ ಪೂರ್ತಿ ಒಣಗಿದ ಮೇಲಷ್ಟೇ ಬೆಣೆ ಬಡಿಯಿರಿ.