$? ಸಂಖ್ಯೆಯನ್ನು ತಕ್ಷಣ ಎತ್ತಿಟ್ಟುಕೊಳ್ಳಿ
ಶೆಲ್ ಸ್ಕ್ರಿಪ್ಟ್‌ನಲ್ಲಿ (ಒಂದಾದ ಮೇಲೊಂದು ಓಡುವ ಕಮಾಂಡ್‌ಗಳ ಫೈಲ್) ಒಂದು ಕಮಾಂಡ್ ಗೆದ್ದಿತೋ ಸೋತಿತೋ ಅನ್ನೋದು ಮುಂದೆಯೂ ಬೇಕಿದ್ದರೆ, ಅದರ ಮರುಸಾಲಿನಲ್ಲೇ $? (ಕಮಾಂಡ್ ಮುಗಿದಾಗ ಶೆಲ್ ಇಡುವ ಫಲಿತಾಂಶದ ಸಂಖ್ಯೆ, 0 ಅಂದರೆ ಗೆದ್ದಿತು) ಸಂಖ್ಯೆಯನ್ನು ಬೇರೆ ವೇರಿಯಬಲ್‌ಗೆ ಹಾಕಿಡಿ. ಯಾಕಂದ್ರೆ $? ನೆನಪಿಡುವುದು ಕೊನೆಯ ಕಮಾಂಡ್ ಒಂದನ್ನೇ. ನಡುವೆ ಸುಮ್ನೆ ಒಂದು ಎಕೋ (ಬರಹ ತೋರಿಸುವ ಕಮಾಂಡ್) ಬಂದರೂ ಸಾಕು, ಹಳೆಯ ಸಂಖ್ಯೆ ಹೋಗಿ 0 ಕೂತಿರುತ್ತದೆ. ಇಫ್ ಒಳಗಿನ ಪರೀಕ್ಷೆಯೂ ಕಮಾಂಡೇ ಅಲ್ವಾ, ಅದೂ ಅಳಿಸುತ್ತದೆ. ಎತ್ತಿಟ್ಟ ಸಂಖ್ಯೆಯನ್ನು ಸರಿಯಾಗಿ ಓದಿ: ಪಠ್ಯ ಹುಡುಕುವ ಗ್ರೆಪ್ ಕಮಾಂಡ್‌ನಲ್ಲಿ 1 ಅಂದರೆ ಹುಡುಕಿದ್ದು ಸಿಗಲಿಲ್ಲ ಅಷ್ಟೇ, 2 ಅಂದರೆ ನಿಜವಾದ ದೋಷ. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಕೊಡುವ ಪೈಪ್ (|) ಇದ್ದಲ್ಲಿ ಈ ಉಪಾಯ ಕೈಕೊಡುತ್ತದೆ. ಅಲ್ಲಿ ಕೊನೆಯ ಕಮಾಂಡ್‌ನ ಸಂಖ್ಯೆ ಮಾತ್ರ ಸಿಗುತ್ತದೆ, ಮೊದಲಿನದು ಸೋತಿದ್ದರೂ ಗೊತ್ತಾಗುವುದಿಲ್ಲ. ಬ್ಯಾಶ್ ಅನ್ನೋ ಶೆಲ್‌ನಲ್ಲಾದರೆ ಪೈಪ್‌ಫೇಲ್ ಆಯ್ಕೆ ಹಾಕಿಕೊಳ್ಳಿ, ಆಗ ಪೈಪ್‌ನಲ್ಲಿ ಯಾವುದು ಸೋತರೂ ಗೊತ್ತಾಗುತ್ತದೆ. & ಹಾಕಿ ಹಿನ್ನೆಲೆಗೆ ಬಿಟ್ಟ ಕೆಲಸಕ್ಕಾದರೆ $! ಕೊಡುವ ಪ್ರೋಸೆಸ್ ಸಂಖ್ಯೆ ಹಿಡಿದು, ಅದು ಮುಗಿಯುವವರೆಗೆ ಕಾಯುವ ವೇಟ್ ಕಮಾಂಡ್ ಓಡಿಸಿ, ಆಮೇಲೆ $? ನೋಡಿ.